ಕಪ್ಪಿನ ಬುಡದ ಮಾತು

ಎಲ್ಲ ಅವಾಂತರಕ್ಕೂ ಕಾರಣ ಒಂದು ನೆಗಡಿ. ಹೊರೇಸ್ ಮೌಂಟ್‌ಫರ್ಡನಿಗೆ ಅದು ಒಂದೇ ಒಂದು ದಿನ ತಡವಾಗಿ ಬಂದಿದ್ದರೂ ಅವನ ಮಾನ ಉಳಿಯುತ್ತಿತ್ತು.

ಇಂಗ್ಲೆಂಡಿನ ನಮ್ಮ ಬರ್ಸ್ಲೆಮ್ ಊರಿನ ಪಿಂಗಾಣಿ ಕಾರ್ಖಾನೆಯೊಂದರಲ್ಲಿ ಅವನು ಮೂವತ್ತೊಂದು ವರ್ಷದಿಂದ ಮಾದರಿ ಮಾಡುವವನು. ಅವನು ಪ್ಲಾಸ್ಟರಿನಲ್ಲಿ ಒಂದು ಕಪ್ಪು ಕಡೆದರೆ ಅದರಿಂದ ಅಚ್ಚುಗಳು, ಅಚ್ಚುಗಳಿಂದ ಸಾವಿರಾರು ಕಪ್ಪುಗಳು. ಮಣ್ಣು ಭಟ್ಟಿಯಲ್ಲಿ ಕುಗ್ಗುತ್ತದೆಂದು ಎಲ್ಲವನ್ನೂ ಎಂಟರಲ್ಲೊಂದು ಪಾಲು ದೊಡ್ಡದಾಗಿಯೇ ಮಾಡುವ ಈ ಮನುಷ್ಯನಿಗೆ ಧೈರ್ಯವನ್ನು ಮಾತ್ರ ಹಾಗೆ ದೊಡ್ಡದು ಮಾಡಿಟ್ಟುಕೊಳ್ಳಲು ಬರಲಿಲ್ಲ. ಹಸಿ ಕಪ್ಪುಗಳನ್ನು ಸ್ಪಂಜಿನಿಂದ ಒರೆಸಿ ನಯ ಮಾಡುವ ಹಿಲ್ಡಾ ಎಂಬ ವಿಧವೆಯನ್ನು ಆರು ವರ್ಷದಿಂದ ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದ. ಅವಳು ಕೆಲಸ ಬಿಟ್ಟು ಬ್ಲ್ಯಾಕ್‌ಪೂಲಿನ ತಂಗಿಯ ಮನೆ ಸೇರುತ್ತಾಳೆಂಬ ಸುದ್ದಿ ಕಿವಿಗೆ ಬಿದ್ದಾಗ ಒಂದು ಉಪಾಯ ಹೂಡಿದ.

ನಮ್ಮೂರಿನವರಿಗೆ ಒಂದು ಚಾಳಿಯಿದೆ. ಯಾರ ಮನೆಗೇ ಹೋಗಲಿ, ಕಪ್ಪು ಕೈಗೆ ಬಂದರೆ ಮೊದಲು ಬುಡ ಮೇಲೆ ಮಾಡಿ ಯಾವ ಕಾರ್ಖಾನೆಯದೆಂದು ನೋಡುತ್ತೇವೆ. ಹಾಗಾಗಿ ಹೊರೇಸ್ ಹೊಸ ಕಪ್ಪಿನ ಮಾದರಿಯ ಬುಡದಲ್ಲಿ ಸಣ್ಣಕ್ಷರದಲ್ಲಿ ಕೆತ್ತಿದ: ‘ಹಿಲ್ಡಾ, ನನ್ನನ್ನು ಮದುವೆಯಾಗುತ್ತೀರಾ?’ ತನ್ನ ಹೆಸರು ಹಾಕಲು ಜಾಗವೂ ಸಾಲಲಿಲ್ಲ, ಎದೆಗಾರಿಕೆಯೂ ಸಾಲಲಿಲ್ಲ. ಒಂದೇ ಒಂದು ಕಪ್ಪು ತೆಗೆದು ಅವಳ ಕೈಗಿಟ್ಟು, ಮಾದರಿಯ ಮೇಲಿನ ಅಕ್ಷರ ಮುಚ್ಚಿಬಿಡಬೇಕೆಂದಿದ್ದ. ಆ ಸಂಜೆಯೇ ಜ್ವರ, ಸೀನು. ವಾರಪೂರ್ತಿ ಹಾಸಿಗೆ.

ಶುಕ್ರವಾರ, ಹಿಲ್ಡಾಳ ಕೊನೆಯ ದಿನ, ಮೂಗೊರೆಸುತ್ತ ಕೆಲಸಕ್ಕೆ ಬಂದ. ಅಚ್ಚಿಗೆ ಮಣ್ಣು ಹೊಯ್ಯುವ ಪರ್ಸಿ ಬಾಗಿಲಲ್ಲೇ ಸಿಕ್ಕಿದ.

“ಏನ್ ಬಾತು, ಬದುಕಿದ್ಯಾ?” ಎಂದ. ನಮ್ಮೂರಲ್ಲಿ ಪ್ರೀತಿ ಬಂದರೆ ಗಂಡಸು ಹೆಂಗಸೆನ್ನದೆ ಎಲ್ಲರನ್ನೂ ಬಾತುಕೋಳಿ ಮಾಡುತ್ತೇವೆ. “ನಿನ್ ಮಾದರಿ ಬೆಂಚಿನ್ ಮೇಲೇ ಇತ್ತಲ್ಲ, ಮೇಸ್ತ್ರಿ ಎತ್ಕೊಂಡ್ ಹೋಗಿ ನಲವತ್ತು ಅಚ್ಚು ತೆಗೆಸ್ಬಿಟ್ಟ. ಆರ್ನೂರು ಕಪ್ಪು ಇಳಿಸಿದೀನಿ!”

ಹೊರೇಸ್ ಓಡಿಹೋಗಿ ಒಂದು ಅಚ್ಚು ಬಿಚ್ಚಿ ನೋಡಿದ. ಅವನ ಮದುವೆಯ ಮಾತು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಉಬ್ಬಿ ನಿಂತಿತ್ತು. ಇನ್ನೊಂದರಲ್ಲೂ ಅದೇ. ನಲವತ್ತರಲ್ಲೂ ಅದೇ. ಆರುನೂರು ಮನೆಗಳಲ್ಲಿ ಹಿಲ್ಡಾಳ ಹೆಸರು ಓದಿ ಜನ ನಗುವುದು ಅವನ ಕಣ್ಣಿಗೆ ಕಟ್ಟಿತು.

ಒಣಗಲು ಇಟ್ಟಿದ್ದ ಕಪ್ಪುಗಳ ಸಾಲಿಗೆ ಹೋಗಿ ಒಂದನ್ನು ಮಗುಚಿದ. ಬುಡ ನುಣ್ಣಗಿತ್ತು. ಇನ್ನೊಂದು ಮಗುಚಿದ. ಅದೂ ನುಣ್ಣಗೆ. ಎಪ್ಪತ್ತನೆಯದನ್ನು ಮಗುಚುವಾಗ ಹಿಡಿ ಅಂಟಿಸುವ ವಿನಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಏನ್ ಹುಡುಕ್ತಿದೀಯ ಬಾತು? ಕಪ್ಪೇನು ಮೊಟ್ಟೆ ಇಟ್ಟಿದ್ಯಾ?”

“ಸುಮ್ನೆ... ಅಳತೆ.”

“ಅಳತೆ ಬುಡದಲ್ಲಿರುತ್ತಾ? ಹಾಗಿದ್ರೆ ಮ್ಯಾನೇಜರ್ ರೂಮಿಗೂ ಹೋಗು. ಭಟ್ಟಿಯಲ್ಲಿ ಸುಟ್ಟ ಕಪ್ಪೊಂದು ಅಲ್ಲಿಗೂ ಹೋಗಿದೆ.”

ಹೊರೇಸ್ ಒಳನುಗ್ಗಿದಾಗ ಮ್ಯಾನೇಜರು ಹೊಸ ಕಪ್ಪನ್ನು ತುಟಿಯ ಹತ್ತಿರ ಒಯ್ಯುತ್ತಿದ್ದರು. ಹೊರೇಸ್ ಅದನ್ನು ಕಸಿದು ಮಗುಚಿಯೇಬಿಟ್ಟ. ಬುಡದಲ್ಲಿ ಏನೂ ಇರಲಿಲ್ಲ. ಚಹಾ ಮಾತ್ರ ಇತ್ತು, ಅದು ಮ್ಯಾನೇಜರ ಪ್ಯಾಂಟಿಗೆ ಹೋಯಿತು.

“ಮೌಂಟ್‌ಫರ್ಡ್,” ಅವರು ನಿಧಾನವಾಗಿ ಹೇಳಿದರು, “ನಿಮಗಿನ್ನೂ ಜ್ವರ ಬಿಟ್ಟಿಲ್ಲ.”

ಸಂಜೆ ಹಿಲ್ಡಾ ಕೋಟು ಹಾಕಿಕೊಂಡು ಅವನ ಬೆಂಚಿನ ಹತ್ತಿರ ತಾನಾಗಿಯೇ ಬಂದಳು.

“ಹೊರೇಸ್ ಅವರೇ, ಬೆಳಗ್ಗೆಯಿಂದ ಕಪ್ಪು ಮಗುಚ್ತಾ ಇದೀರಂತೆ?”

“ಅದು... ಬುಡದಲ್ಲಿ...”

“ಏನೋ ಗೀರಿತ್ತು. ನನ್ ಕನ್ನಡಕ ಮನೇಲಿತ್ತು, ಹೆಬ್ಬೆರಳಿಗೆ ತಗಲ್ತು. ನಿಮ್ ತಲೆಗೆ ಬರೋದು ಬೇಡ ಅಂತ ದಿನಾ ಒಂದ್ ಗಂಟೆ ಹೆಚ್ಚಿಗೆ ಕೂತು ಒರೆಸ್ಬಿಟ್ಟೆ.”

ತಾಯಿ ತೀರಿಕೊಂಡ ಮೇಲೆ ಹೊರೇಸನಿಗಾಗಿ ಯಾರೂ ಇಷ್ಟು ಮಾಡಿರಲಿಲ್ಲ. ಅವಳು ಹೋಗಲಿಲ್ಲ, ನಿಂತೇ ಇದ್ದಳು.

“ಅದು ಅಚ್ಚಿನ ದೋಷಾನೇನಾ? ಇಲ್ಲಾ ಬೇರೆ ಏನಾದ್ರೂ ಇತ್ತಾ?”

ಹೇಳು, ಈಗಲೇ ಹೇಳು ಎಂದಿತು ಮನಸ್ಸು. “ದೋಷಾನೇ,” ಎಂದಿತು ಬಾಯಿ. “ನನ್ದೇ ತಪ್ಪು. ಅದು ಅಲ್ಲಿ ಇರಲೇಬಾರದಿತ್ತು. ನೀವು ಒರೆಸಿದ್ದು ಒಳ್ಳೇದಾಯ್ತು.”

“ಓ,” ಎಂದಳು ಹಿಲ್ಡಾ. ತಲೆಯ ವಸ್ತ್ರವನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡಳು. “ಹಾಗಾದ್ರೆ ಬರ್ತೀನಿ.”

ಅವಳ ಬಸ್ಸು ತಿರುವು ದಾಟುವವರೆಗೂ ಹೊರೇಸ್ ಗೇಟಿನಲ್ಲಿ ನಿಂತಿದ್ದ. ಪರ್ಸಿ ಏದುಸಿರು ಬಿಡುತ್ತ ಬಂದ.

“ಅವಳನ್ನ ಕೇಳಿದ್ಯಾ?”

“ಏನನ್ನ?”

“ಅಯ್ಯೋ ಬಾತು! ಸೋಮವಾರ ಹಿಲ್ಡಾ ಮೊದಲನೇ ಕಪ್ಪು ತಂದು, ‘ಪರ್ಸಿ, ಕನ್ನಡಕ ಮರೆತೆ, ಇದೇನು ಓದು’ ಅಂದ್ಲು. ಓದಿದೆ. ಮೂರ್ ಸಲ ಓದಿಸಿದ್ಲು. ಕೆತ್ತಿದ್ದು ಯಾರ ಕೈ ಅಂತ ಅವಳಿಗೆ ಗೊತ್ತಾಗಲ್ವಾ? ಊರವರ ಕಣ್ಣಿಗೆ ಬೀಳೋದು ಬೇಡ ಅಂತ ಉಳಿದಿದ್ದೆಲ್ಲ ಒರೆಸಿ, ಆ ಒಂದನ್ನ ಮಾತ್ರ ಭಟ್ಟಿಯಲ್ಲಿ ಸುಡಿಸಿ ಚೀಲದಲ್ಲಿ ಇಟ್ಕೊಂಡ್ಲು. ‘ಅವರೇ ಬಾಯಿಬಿಟ್ಟು ಕೇಳಲಿ, ನಾನು ಬಸ್ ಹತ್ತೋವರೆಗೂ ನೀನು ಉಸಿರೆತ್ತಬೇಡ’ ಅಂತ ಆಣೆ ಹಾಕಿಸಿದ್ಲು. ಹೇಳೋ, ಅವಳು ಬಂದು ಕೇಳಿದಾಗ ಏನಂದೆ?”

ಹೊರೇಸ್ ಬಸ್ಸು ಹೋದ ದಾರಿಯನ್ನೇ ನೋಡುತ್ತಿದ್ದ.

“ಒರೆಸಿದ್ದು ಒಳ್ಳೇದಾಯ್ತು ಅಂದೆ,” ಎಂದ.