ಹೋಳಿಗೆ ಪ್ರಕರಣದ ಜಡ್ಜ್

ಉಮಾಶಂಕರನ ಭಾನುವಾರ ಕೆಟ್ಟಿದ್ದು ಒಂದು ಫೋನಿನಿಂದ. ಇಂಗ್ಲೆಂಡಿನ ಸೊಲಿಹಲ್‌ನ ತನ್ನ ಮನೆಯಲ್ಲಿ ಅವನು ಹೆಗಲಿಗೆ ಬೆಡ್‌ಶೀಟು ಹೊದ್ದು, ಕನ್ನಡಿಯ ಮುಂದೆ ರಾಜನ ಮಾತುಗಳನ್ನು ಗರ್ಜಿಸುತ್ತಿದ್ದ. ಕನ್ನಡ ಸಂಘದ ನಾಟಕಗಳಲ್ಲಿ ಇಷ್ಟು ವರ್ಷ ಈಟಿ ಹಿಡಿದ ದ್ವಾರಪಾಲಕನಾಗಿ ನಿಂತೂ ನಿಂತೂ ಕಾಲು ಸೋತವನಿಗೆ ಈ ಸಲ ಮಹಾರಾಜನ ಪಾತ್ರ ಸಿಕ್ಕಿತ್ತು. ಕೊಟ್ಟವರು ಸಂಘದ ಅಧ್ಯಕ್ಷ ಡಾಕ್ಟರ್ ಸಿದ್ದರಾಮಪ್ಪ. ಈಗ ಫೋನ್ ಮಾಡಿದ್ದೂ ಅವರೇ.

"ನನ್ನ ಮೇಲೆ ಕಂಪ್ಲೇಂಟ್ ಬಂದಿರೋದು ಗೊತ್ತಲ್ಲ?"

ಗೊತ್ತಿಲ್ಲದೆ ಏನು. ಸಂಘದ ಹೋಳಿಗೆ ಸ್ಪರ್ಧೆಗೆ ಪ್ರತಿ ವರ್ಷವೂ ಅಧ್ಯಕ್ಷರೇ ತೀರ್ಪುಗಾರರು, ಪ್ರತಿ ವರ್ಷವೂ ಅವರ ಹೆಂಡತಿ ಶರಣಮ್ಮನವರಿಗೇ ಮೊದಲ ಬಹುಮಾನ. ಎರಡನೇ ಬಹುಮಾನ ತಗೊಂಡೂ ತಗೊಂಡೂ ಬೇಸತ್ತು ದೂರು ಕೊಟ್ಟವಳು ಚಂಪಾ. ಅವಳು ಉಮಾಶಂಕರನ ಸ್ವಂತ ಹೆಂಡತಿ.

"ತನಿಖೆ ಆಗಲಿ, ನಾನು ಹೆದರೋನಲ್ಲ. ಜಡ್ಜ್ ನೇಮಿಸೋ ಅಧಿಕಾರ ಅಧ್ಯಕ್ಷರದ್ದು. ನಿನ್ನನ್ನೇ ನೇಮಿಸಿದೀನಿ. ಮಧ್ಯಾಹ್ನ ಸಭೆ."

"ಸರ್, ದೂರು ಕೊಟ್ಟಿರೋದು ನನ್ನ ಹೆಂಡ್ತಿ. ಪಾರ್ಟ್ ಕೊಟ್ಟಿರೋದು ನೀವು. ನಾನು ಹೇಗೆ..."

"ಅದಕ್ಕೇ ನೀನು. ಹೆಂಡ್ತಿ ದೂರನ್ನ ಗಂಡನೇ ತಳ್ಳಿಹಾಕಿದ್ರೆ ಇನ್ಯಾರು ಅನುಮಾನ ಪಡ್ತಾರೆ? ಅಂದ್ಹಾಗೆ, ರಾಜನ ಪೋಷಾಕು ಹೊಲಿಯೋಕೆ ಕೊಡಬೇಕು. ತೀರ್ಪು ಆದ್ಮೇಲೆ ಅಳತೆ ಕೊಡು."

ಅಡಿಗೆಮನೆ ಬಾಗಿಲಲ್ಲಿ ನಿಂತು ಚಂಪಾ ಎಲ್ಲ ಕೇಳಿಸಿಕೊಂಡಿದ್ದಳು.

"ನ್ಯಾಯವಾಗಿ ತೀರ್ಪು ಕೊಡಿ. ನಾನೇನೂ ಒತ್ತಾಯ ಮಾಡಲ್ಲ," ಎಂದು ಮೇಜಿನ ಮೇಲೆ ಅವನಿಗಾಗಿ ಇಟ್ಟಿದ್ದ ದೋಸೆ ತಟ್ಟೆ ಎತ್ತಿಕೊಂಡು ಕಾರ್ನ್‌ಫ್ಲೇಕ್ಸ್ ಇಟ್ಟಳು. ಹಾಲು ಕೊಡಲಿಲ್ಲ.

ಅದನ್ನು ಹಾಗೇ ಒಣಒಣವಾಗಿ ಅಗಿಯುತ್ತಿರುವಾಗ ಪಕ್ಕದ ಬೀದಿಯ ಶ್ರೀಶೈಲ ಬಂದ. ನಾಟಕದಲ್ಲಿ ಅವನು ಸೇನಾಪತಿ.

"ತೀರ್ಪು ಯಾವ ಕಡೆ?"

"ವಿಚಾರಣೇನೇ ಆಗಿಲ್ವಲ್ಲೋ ಮಾರಾಯ."

"ಅವಸರ ಇಲ್ಲ. ರಾಜನ ಪಾರ್ಟ್ ಖಾಲಿ ಆದ್ರೆ ಮೊದಲು ನನಗೆ ಹೇಳು. ಮಾತೆಲ್ಲ ಬಾಯಿಪಾಠ ಆಗಿದೆ."

ಸಭೆಯ ಹಾಲ್‌ನ ಕಾರ್ ಪಾರ್ಕಿನಲ್ಲೇ ಶರಣಮ್ಮ ಬಿಸಿ ಹೋಳಿಗೆ ಹಿಡಿದು ಕಾದಿದ್ದರು. "ಇದು ಲಂಚ ಅಲ್ಲಪಾ ತಮ್ಮಾ, ಸಾಕ್ಷಿ. ತಿಂದು ನೋಡಿ ತೀರ್ಪು ಕೊಡು."

ತಿಂದ. ಹೋಳಿಗೆ ನಿಜಕ್ಕೂ ಚಂಪಾ ಮಾಡುವುದಕ್ಕಿಂತ ಚೆನ್ನಾಗಿತ್ತು. ಆ ಸತ್ಯವನ್ನೂ ಅವನು ಹೋಳಿಗೆಯ ಜೊತೆಗೇ ನುಂಗಿಕೊಂಡ.

ಹಾಲ್ ತುಂಬಿತ್ತು. ಉಮಾಶಂಕರ ಗಂಟಲು ಸರಿಮಾಡಿಕೊಂಡು ಕೇಳಿದ: "ಸರ್, ಯಾವ ಹೋಳಿಗೆ ಯಾರದು ಅಂತ ನಿಮಗೆ ಗೊತ್ತಾಗ್ತಿತ್ತಾ?"

"ಮದುವೆ ಆದಾಗಿನಿಂದ ತಿಂತಿದೀನಿ. ಕಣ್ಣು ಮುಚ್ಕೊಂಡೂ ಹೇಳ್ತೀನಿ."

"ಬೇರೆಯವರಿಗೆ ಫಸ್ಟ್ ಕೊಡಬಹುದಿತ್ತಲ್ಲ?"

"ಕೊಡಬಹುದಿತ್ತು. ಆಮೇಲೆ ರಾತ್ರಿ ಊಟಕ್ಕೆ ಯಾರ ಮನೆಗೆ ಹೋಗಲಿ?"

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗುವಿನಲ್ಲಿ ಉಮಾಶಂಕರನಿಗೆ ಎಲ್ಲಿಲ್ಲದ ಧೈರ್ಯ ಬಂತು. ಇಡೀ ಹಾಲ್ ತನ್ನ ಬಾಯಿಂದ ಬರುವ ಮಾತಿಗಾಗಿ ಕಾಯುತ್ತಿದೆ. ನಾಟಕದಲ್ಲಿ ರಾಜನಾಗುವ ಯೋಗ ಇಲ್ಲದಿದ್ದರೆ ಹೋಗಲಿ, ಇಲ್ಲಾದರೂ ಒಂದು ಗಳಿಗೆ ಆಗಿಬಿಡುತ್ತೇನೆ ಅಂದುಕೊಂಡ. ಎದ್ದು ನಿಂತು, ಬೆಳಿಗ್ಗೆ ಅಭ್ಯಾಸ ಮಾಡಿದ ದನಿಯಲ್ಲೇ ಹೇಳಿದ:

"ಬಹುಮಾನಗಳು ರದ್ದು. ತೀರ್ಪು ಕೊಡುವವರೂ ಅಧ್ಯಕ್ಷರೇ, ಪಾತ್ರ ಹಂಚುವವರೂ ಅಧ್ಯಕ್ಷರೇ. ಆದ್ದರಿಂದ ಅಧ್ಯಕ್ಷರಾದವರು, ಅವರ ಮನೆಯವರು, ಇನ್ನು ಮುಂದೆ ಸಂಘದ ಯಾವ ಸ್ಪರ್ಧೆಗೂ ಸೇರಕೂಡದು, ಯಾವ ನಾಟಕದಲ್ಲೂ ಪಾತ್ರ ಮಾಡಕೂಡದು. ಇದೇ ನನ್ನ ತೀರ್ಪು."

ಚಪ್ಪಾಳೆಯೋ ಚಪ್ಪಾಳೆ. ಚಂಪಾಳ ಕಣ್ಣಲ್ಲಿ ನೀರು ಬಂತು. ಇಂಥ ಗಂಡನಿಗೆ ಹಾಲಿಲ್ಲದೆ ತಿನ್ನಿಸಿದೆನಲ್ಲ ಎಂದು ಮರುಗಿದಳು.

ಸಿದ್ದರಾಮಪ್ಪ ನಿಧಾನವಾಗಿ ಎದ್ದರು.

"ತಲೆಬಾಗಿ ಒಪ್ತೀನಿ. ಈಗಲೇ ರಾಜೀನಾಮೆ ಕೊಡ್ತೀನಿ. ಹೆಂಡ್ತಿ, ಸ್ನೇಹ, ಪಾರ್ಟು ಯಾವುದನ್ನೂ ನೋಡದೆ ನ್ಯಾಯ ಹೇಳಿದ ಉಮಾಶಂಕರನೇ ಮುಂದಿನ ಅಧ್ಯಕ್ಷ ಆಗಲಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಎಲ್ಲರ ಕೈ ಮೇಲೆದ್ದಿತ್ತು. ಎಲ್ಲಕ್ಕಿಂತ ಮೇಲಿದ್ದದ್ದು ಚಂಪಾಳ ಕೈ. ಯಾರೋ ಹಾರವನ್ನೂ ಹಾಕಿಬಿಟ್ಟರು.

"ಹಂಗಾದ್ರೆ ರಾಜನ ಪಾರ್ಟು?" ಎಂದು ಹಿಂದಿನಿಂದ ಶ್ರೀಶೈಲ ಕೇಳಿದ. "ಅಧ್ಯಕ್ಷರು ಮಾಡೋ ಹಾಗಿಲ್ಲವಲ್ಲ."

"ನಾನೀಗ ಬರೀ ಮೆಂಬರ್ ಕಣಯ್ಯ," ಅಂದರು ಸಿದ್ದರಾಮಪ್ಪ. "ನಾನೇ ಮಾಡ್ತೀನಿ. ಬಹಳ ದಿನದ ಆಸೆ."

ಶರಣಮ್ಮ ಚಂಪಾಳ ಪಕ್ಕಕ್ಕೆ ಬಂದು ಕೂತು, "ಮುಂದಿನ ವರ್ಷ ನೀ ಸ್ಪರ್ಧಾಕ್ಕ ಬರಂಗಿಲ್ಲಲ್ಲವಾ. ಇರಲಿ, ನನ್ನ ಹೋಳಿಗಿ ತಿನ್ನಾಕ ಬಾ," ಅಂದರು.

ಚಂಪಾಳ ಕೈ ಮೆಲ್ಲಗೆ ಕೆಳಗಿಳಿಯಿತು. ಅವಳು ಎದ್ದು ನಿಂತಳು.

"ಹೊಸ ಅಧ್ಯಕ್ಷರ ಮೇಲೆ ನನ್ನದೊಂದು ದೂರಿದೆ," ಎಂದಳು. "ಯಾರನ್ನ ಜಡ್ಜ್ ಮಾಡ್ತೀರಿ, ಹೇಳಿ."