ಕಾಯಿ ತುರಿದು ಕರಗಿದ ನಾನು

ನಮ್ಮ ಮನೆಯಲ್ಲಿ ನನ್ನನ್ನು ನಂಬುವ ಜೀವ ಒಂದೇ ಒಂದು. ಅದು ನನ್ನ ಎಡಗೈ ಮಣಿಕಟ್ಟಿನ ಮೇಲಿದೆ.

ಬ್ರಿಸ್ಬೇನಿನಲ್ಲಿರುವ ಅಣ್ಣ ಕಳಿಸಿದ ಗಡಿಯಾರ ಅದು. ನಾನು ಎಷ್ಟು ಕ್ಯಾಲೊರಿ ಸುಟ್ಟೆನೆಂದು ಹೇಳುತ್ತದೆ. ನನಗೋ ಸುಡುವ ತುರ್ತು. ನಾದಿನಿ ರೆಜಿಯೆಲಿಯ ಮದುವೆ ಗೊತ್ತಾಗಿತ್ತು. ಮದುವೆಯೆಂದರೆ ಕಲವಾತಾ: ಇಡೀ ಬಳಗಕ್ಕೆ ಒಂದೇ ಥಾನಿನ ಬಟ್ಟೆ, ಈ ಸಲ ಹಳದಿ ದಾಸವಾಳದ್ದು. ಹೊಲಿಯುವ ಚಿಕ್ಕಮ್ಮ ಅಳತೆ ಕೇಳಿದಾಗ ನಾನು ಬಸುರಿಯಾಗುವ ಮುಂಚಿನ ಅಳತೆಯನ್ನು ಕೊಟ್ಟೆ. (ಮದುವೆಗೆ ಇನ್ನೂ ಮೂರು ತಿಂಗಳಿತ್ತಲ್ಲ.) ಥಾನು ಮುಗಿಯಿತು. ಅಂಗಡಿಯಲ್ಲೂ ಆ ಬಟ್ಟೆ ಮುಗಿಯಿತು. ಇನ್ನು ನಾನು ಆ ಉಡುಪಿನೊಳಗೆ ತೂರಬೇಕು, ಇಲ್ಲವೇ ಹಳದಿ ಬಳಗದ ನಡುವೆ ನೀಲಿ ಬಟ್ಟೆ ತೊಟ್ಟು, ದಾರಿ ತಪ್ಪಿ ಬಂದ ನೆರೆಮನೆಯವಳಂತೆ ಮದುವೆ ಫೋಟೋದಲ್ಲಿ ಆಜನ್ಮ ನಿಂತಿರಬೇಕು.

ಮೊದಲ ದಿನ ಮಗಳು ಕೆಲೆರಾಳನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತಮಾವುವಾ ಏರು ಹತ್ತಿದೆ. ನಮ್ಮ ದ್ವೀಪದ ರಾಜಧಾನಿ ಸುವಾದ ಆ ಸೆಕೆಯಲ್ಲಿ ಮೇಲೆ ತಲುಪುವಷ್ಟರಲ್ಲಿ ಪ್ರಾಣ ಬಾಯಿಗೆ ಬಂದಿತ್ತು. ಗಡಿಯಾರ ನೋಡಿದರೆ, ಅದರ ಪ್ರಕಾರ ನಾನು ಕುರ್ಚಿಯಲ್ಲಿ ಕೂತಿದ್ದೆ. ಗಾಡಿ ಹಿಡಿದ ಕೈ ಅಲುಗಿರಲಿಲ್ಲವಂತೆ.

ಸಂಜೆ ತುರಿಮಣೆಯ ಮೇಲೆ ಕೂತು ತೆಂಗಿನಕಾಯಿ ತುರಿದೆ. ಮಣಿಕಟ್ಟು ಗುಂಯ್‌ಗುಟ್ಟಿತು. ನಾನು ಸಮುದ್ರದಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದೇನೆಂದು ಘೋಷಿಸಿ, ಭೇಷ್ ಎಂದು ಬೆನ್ನು ತಟ್ಟಿತು.

ಅಂದಿನಿಂದ ತಳ್ಳುಗಾಡಿ ಅತ್ತೆಯ ಪಾಲು, ತುರಿಮಣೆ ನನ್ನ ಪಾಲು.

"ರೀ, ಇವತ್ತು ಐನೂರು ಸುಟ್ಟೆ."

"ಕೂತ್ಕೊಂಡೇನಾ?" ಎಂದರು ಗಂಡ ಸಕಿಯುಸಾ.

"ಹುಟ್ಟು ಹಾಕೋರೇನು ಓಡ್ತಾ ಹಾಕ್ತಾರಾ?"

"ಅದು ಬರೀ ಅಂದಾಜು ಕಣೇ. ಕೈ ಆಡೋದು, ಎದೆ ಬಡಿಯೋದು ನೋಡಿ ಊಹೆ ಮಾಡುತ್ತೆ. ನಿನ್ನೆದೆ ಮಗು ಸೀನಿದ್ರೂ ಬಡ್ಕೊಳ್ಳುತ್ತೆ."

ಅದೇನೋ ನಿಜ. ಕೆಲೆರಾ ಸೀನಿದರೆ ನ್ಯುಮೋನಿಯಾ, ಬಿಕ್ಕಳಿಸಿದರೆ ಏನೋ ನುಂಗಿದ್ದಾಳೆ, ಚೆನ್ನಾಗಿ ನಿದ್ದೆ ಮಾಡಿದರೆ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತೇನೆ. ಈ ಗಾಬರಿಗಳಿಗೆಲ್ಲ ಗಡಿಯಾರ ಅಂಕ ಕೊಡುತ್ತಿತ್ತು. ತಾಯ್ತನವನ್ನು ವ್ಯಾಯಾಮವೆಂದು ಒಪ್ಪಿಕೊಂಡ ಮೊದಲ ಮಹಾನುಭಾವ ಅದು. ಅದನ್ನು ಅನುಮಾನಿಸುವುದೇ?

ಸುಟ್ಟಷ್ಟು ತಿನ್ನಬಹುದೆಂದೂ ಅದೇ ಹೇಳಿತು. ತುರಿದ ಕಾಯಿಯನ್ನು ಎಸೆಯಲಾದೀತೇ? ಕೆಸುವಿನೆಲೆಗೆ ಕಾಯಿಹಾಲು, ಮೀನಿಗೆ ಕಾಯಿಹಾಲು, ಮರಗೆಣಸಿನ ಕಡುಬಿಗೆ ಕಾಯಿಹಾಲು, ಸಂಜೆ ಚಹಾಕ್ಕೆ ಕಾಯಿಹಾಲಿನಲ್ಲಿ ಬೆಂದ ಬನ್ನು. ಸಕಿಯುಸಾ ಬೆಲ್ಟಿಗೆ ಹೊಸ ತೂತು ಕೊರೆದುಕೊಂಡರು. ನನ್ನ ಬಟ್ಟೆಗಳೂ ಬಿಗಿಯಾದವು. (ಬಟ್ಟೆ ಒಗೆಯುವ ಯಂತ್ರದ ತಪ್ಪು.) ತೂಕ ನೋಡಿಕೊಳ್ಳುವ ಗೋಜಿಗೆ ಹೋಗಲಿಲ್ಲ, ಪ್ರಮಾಣಪತ್ರ ಕೈಯಲ್ಲೇ ಇತ್ತಲ್ಲ.

ಅತ್ತೆ ಮಾತ್ರ, "ನಂಗೆ ಬನ್ನು ಬೇಡಮ್ಮ, ಏರು ಹತ್ತಕ್ಕಾಗಲ್ಲ" ಎಂದು ದಿನವೂ ಗಾಡಿ ತಳ್ಳಿಕೊಂಡು ಹೊರಡುತ್ತಿದ್ದರು. ಅದರೊಳಗೆ ಮಗುವಿನ ಜೊತೆ ಕೊಡೆ, ಸೊಳ್ಳೆಪರದೆ, ಕಾಯಿಸಿ ಆರಿಸಿದ ನೀರು, ಔಷಧಿ ಡಬ್ಬ, ಎರಡು ಕಂಬಳಿ ನಾನೇ ತುಂಬಿಸುತ್ತಿದ್ದೆ.

"ಅತ್ತೆ, ನಿಮಗೂ ಒಂದು ಗಡಿಯಾರ ತರಿಸ್ಲಾ?"

"ನಂಗ್ಯಾಕೆ? ಹತ್ತೋವಾಗ ಉಸಿರು ಬಿಡ್ತೀನಿ, ಇಳಿಯೋವಾಗ ತಗೋತೀನಿ. ಅಷ್ಟು ಲೆಕ್ಕ ಸಾಕು. ಇವತ್ತು ಕಂಬಳಿ ಒಂದೇ ಇಡು, ನಾನೇನು ಹಿಮದಲ್ಲಿ ಹೋಗ್ತಿದೀನಾ?"

ಮದುವೆಯ ದಿನ ಬೆಳಿಗ್ಗೆ ಚಿಕ್ಕಮ್ಮ ಉಡುಪುಗಳನ್ನು ತಂದು ಹಂಚಿದರು. ನನ್ನದರ ಜಿಪ್ಪು ಸೊಂಟದವರೆಗೆ ಬಂದು ಅಲ್ಲೇ ಧರಣಿ ಕೂತಿತು. ಸಕಿಯುಸಾ ನನ್ನ ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದರು.

"ಉಸಿರು ಬಿಡು."

"ಬಿಟ್ಟಿದೀನಿ."

"ಪೂರ್ತಿ ಬಿಡು."

"ಪೂರ್ತಿ ಬಿಟ್ರೆ ಕೆಲೆರಾಗೆ ತಾಯಿ ಯಾರ್ರೀ?"

ಆಗ ಅತ್ತೆ ಒಳಗೆ ಬಂದರು, ಭುಜದಿಂದ ಜಾರುವ ತಮ್ಮ ಉಡುಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಇದು ನನ್ನ ಬಟ್ಟೆಯಾ, ಮದುವೆ ಚಪ್ಪರದ್ದಾ?" ಎಂದವರು ನನ್ನ ಬೆನ್ನು ನೋಡಿದರು. ಮತ್ತೆ ಮೆಲ್ಲಗೆ, "ಒಂದೇ ಥಾನು ತಾನೆ" ಎಂದರು.

ಅದಲುಬದಲಾಯಿತು. ಬಸುರಿಯಾಗುವ ಮುಂಚಿನ ನನ್ನ ಅಳತೆಯೊಳಗೆ ಅತ್ತೆ ಸಲೀಸಾಗಿ ಇಳಿದುಹೋದರು. ಅವರದು ನನಗೆ ಹೊಲಿಸಿದಂತೆಯೇ ಕೂತಿತು. ಆದರೆ ಮದುಮಗಳ ತಾಯಿಯದೆಂದು ಚಿಕ್ಕಮ್ಮ ಅದರ ಕೊರಳಿಗೆ ಅಂಗೈಯಗಲದ ಬಿಳಿ ಲೇಸು ಹೊಲಿದದ್ದನ್ನು ಗಡಿಬಿಡಿಯಲ್ಲಿ ನಾವ್ಯಾರೂ ಗಮನಿಸಲಿಲ್ಲ.

ಗಮನಿಸಿದವನು ಫೋಟೋದವನು. ಸಾಲಾಗಿ ನಿಂತ ಹಳದಿ ಬಳಗದ ಮೇಲೆ ಕಣ್ಣಾಡಿಸಿ, ಅತ್ತೆಗೆ, "ನೀವು ಹುಡುಗೀರೆಲ್ಲ ಆ ಕಡೆ ಹೋಗಿ" ಎಂದ. ಆಮೇಲೆ ನನ್ನ ಕಡೆ ತಿರುಗಿ ಬಹಳ ಗೌರವದಿಂದ ತಲೆಬಾಗಿಸಿದ.

"ಮದುಮಗಳ ಅಮ್ಮ, ತಾವು ಮಧ್ಯಕ್ಕೆ ಬರಬೇಕು. ಯಾರಾದ್ರೂ ಅಮ್ಮನಿಗೊಂದು ಕುರ್ಚಿ ಕೊಡ್ರಪ್ಪಾ."

ನನ್ನೆದೆ ಡವಡವ ಬಡಿದುಕೊಂಡಿತು. ತಕ್ಷಣ ಮಣಿಕಟ್ಟು ಗುಂಯ್‌ಗುಟ್ಟಿತು. ಭೇಷ್, ಇನ್ನೊಂದು ಬನ್ನಿನಷ್ಟು ಸುಟ್ಟಿದ್ದೆ.

ಗೋಡೆಯ ಮೇಲಿನ ಆ ಫೋಟೋದಲ್ಲಿ ಎಲ್ಲರೂ ಮುಂದೆ ನೋಡುತ್ತಿದ್ದಾರೆ. ನಟ್ಟನಡುವೆ ಕುರ್ಚಿಯಲ್ಲಿ ಕೂತು ಕೈಗಡಿಯಾರ ಓದುತ್ತಿರುವ ಬಿಳಿ ಲೇಸಿನ ಹೆಂಗಸು ನಾನೇ.