ಒತ್ತಿಬಿಟ್ಟೆ, ಸರಿ ಐತೇನ್ ನೋಡ್ರಿ: ಹಾಲ್ ಟಿಕೆಟಿನ ಪ್ರಸಂಗಗಳು

ಸಿಂಧನೂರು ಬಸ್‌ಸ್ಟ್ಯಾಂಡ್ ಹಿಂದಿನ ಆನ್‌ಲೈನ್ ಸೆಂಟರಿನ ಅಣ್ಣನಿಗೆ ಒಂದು ಅಭ್ಯಾಸ. ಮೊದಲು ಸಬ್ಮಿಟ್ ಒತ್ತುತ್ತಾನೆ, ಆಮೇಲೆ ತಲೆಯೆತ್ತಿ ಹೇಳುತ್ತಾನೆ: "ಒತ್ತಿಬಿಟ್ಟೆ, ಎಲ್ಲಾ ಸರಿ ಐತೇನ್ ನೋಡ್ರಿ." ಹೀಗಾಗಿ ಎಂಜಿನಿಯರಿಂಗ್ ಎಂಟ್ರೆನ್ಸಿನ ಹಾಲ್ ಟಿಕೆಟ್ ಬರುವ ದಿನ ನಮ್ಮ ಕಡೆ ಜನ ರಿಸಲ್ಟಿನ ದಿನಕ್ಕಿಂತ ಹೆಚ್ಚು ಬೆವರುತ್ತಾರೆ.

ಸಹಿ

ತುರ್ವಿಹಾಳದ ಯಜಮಾನರೊಬ್ಬರು ಮಗನ ಅರ್ಜಿ ತುಂಬಿಸಲು ಬಂದಿದ್ದರು. ಅಭ್ಯರ್ಥಿಯ ಸಹಿ ಬೇಕು ಅಂದದ್ದೇ ತಡ, ತಾವೇ ಪೆನ್ನೆತ್ತಿದರು.

"ಅಪ್ಪಾ, ಅದು ನಂದು ಬೇಕು," ಅಂದ ಮಗ.

"ಸುಮ್ಕಿರಲೇ. ಮನ್ಯಾಗಿನ ಯಾವ ಕಾಗದಕ್ಕ ನೀ ಸಹಿ ಮಾಡೀದಿ?"

ಅಣ್ಣ ಒತ್ತಿಬಿಟ್ಟ. ಹಾಲ್ ಟಿಕೆಟಿನಲ್ಲಿ ಮಗನ ಮುಖ, ಅಪ್ಪನ ಸಹಿ. ಹುಡುಗ ಎರಡು ವಾರ ಪುಸ್ತಕ ಮುಚ್ಚಿಟ್ಟು ಅಪ್ಪನ ಸಹಿ ತಿದ್ದಿ ಕಲಿತ. ಪರೀಕ್ಷೆಯಲ್ಲಿ ಅವನಿಗೆ ಸರಿಯಾಗಿ ಬಂದದ್ದು ಅದೊಂದೇ.

ಲ್ಯಾಮಿನೇಷನ್

ಮಸ್ಕಿಯ ನಮ್ಮ ಚಿಗವ್ವ ಮಗಳ ಹಾಲ್ ಟಿಕೆಟನ್ನು ದೇವರ ಮುಂದಿಟ್ಟು, ಮೂಲೆಗಳಿಗೆ ಅರಿಷಿಣ, ಫೋಟೋದ ಹಣೆಗೆ ಕುಂಕುಮ ಹಚ್ಚಿ, ಹಾಗೆಯೇ ಲ್ಯಾಮಿನೇಷನ್ ಮಾಡಿಸಿದಳು. ಲಿಂಗಸುಗೂರಿನ ಪರೀಕ್ಷಾ ಕೋಣೆಯಲ್ಲಿ ಮೇಲ್ವಿಚಾರಕರು ಸಹಿ ಹಾಕಲು ಹೋದರೆ ಪೆನ್ನು ಜಾರಿತು.

"ಏನವ್ವಾ, ಹೋಟೆಲ್ ಮೆನು ಮಾಡ್ಸೀರಲ್ಲ!" ಅಂದರಂತೆ.

ಚಿಗವ್ವನ ಸಿಟ್ಟು ಇನ್ನೂ ಇಳಿದಿಲ್ಲ. "ತೊಯ್ಯಬಾರ್ದಂತ ಮಾಡ್ಸಿದ್ದು ತಪ್ಪಾ? ಆ ಸರ್ ಒಂದು ಛಲೋ ಪೆನ್ನಿಟ್ಕೋಬಾರ್ದಾ?"

ನನ್ನದು

ಇವರನ್ನೆಲ್ಲ ಕಂಡು ಒಳಗೊಳಗೇ ನಕ್ಕವಳು ನಾನು. ಖಾಸಗಿ ಕಾಲೇಜುಗಳ ಎಂಟ್ರೆನ್ಸಿಗೆ ನನ್ನ ಹಾಲ್ ಟಿಕೆಟ್ ಬಂತು. ಪರೀಕ್ಷಾ ಕೇಂದ್ರ: ಹೈದರಾಬಾದ್. ಆ ಪರೀಕ್ಷೆಯ ಮರುದಿನ ಬೆಳಿಗ್ಗೆಯೇ ಲಿಂಗಸುಗೂರಿನಲ್ಲಿ ಸಿಇಟಿ. ಎರಡರಲ್ಲಿ ಒಂದನ್ನು ಬಿಡಲೇಬೇಕು. ಅಪ್ಪ ನನ್ನನ್ನು ಬೈಕಿನಲ್ಲಿ ಕೂರಿಸಿಕೊಂಡು ಸೀದಾ ಸೆಂಟರಿಗೆ ಬಂದರು.

"ಹೈದರಾಬಾದ್ ಕರ್ನಾಟಕ ಕೋಟಾ ಬೇಕಂತ ನೀವ ಹೇಳಿದ್ರಲ್ರೀ," ಅಂದ ಅಣ್ಣ. "ಊರಿನ ಪಟ್ಟಿಯೊಳಗ ಬರೇ ಹೈದರಾಬಾದ್ ಇತ್ತು. ಕರ್ನಾಟಕ ಅವರ ತಿಳ್ಕೋತಾರ ಅಂದ್ಕೊಂಡೆ."

ಅಪ್ಪ ನನ್ನ ಕಡೆ ತಿರುಗಿದರು. "ಅರ್ಜಿ ತುಂಬುವಾಗ ನೀ ಬಾಜೂಕ ಕುಂತಿದ್ದೆಲ್ಲ! ಇಂಗ್ಲಿಷ್ ಮೀಡಿಯಂ ಬ್ಯಾರೆ. ಓದಾಕ ಬರಲಿಲ್ಲೇನು?"

ಓದಿದ್ದೆ. "ಎಕ್ಸ್‌ಕ್ಯೂಸ್ ಮಿ" ಅನ್ನಬೇಕೋ "ಅಣ್ಣಾ" ಅನ್ನಬೇಕೋ ಎಂದು ಯೋಚಿಸುವಷ್ಟರಲ್ಲಿ ಆತ ಒತ್ತಿಬಿಟ್ಟಿದ್ದ.

ಪರೀಕ್ಷೆಯ ಊರು ಬದಲಿಸಲು ಒಂದೇ ಸಲ ಅವಕಾಶ, ಅದಕ್ಕೂ ಅವತ್ತೇ ಕೊನೆಯ ದಿನ.

"ಬಳ್ಳಾರಿ ಹಾಕಪ್ಪಾ," ಅಂದರು ಅಪ್ಪ.

ಅಣ್ಣ ಪಟ್ಟಿ ತೆರೆದ. ಬಳ್ಳಾರಿಯ ಕೆಳಗೇ, ಹೈದರಾಬಾದಿನಷ್ಟೇ ದೂರದ ಬೆಳಗಾವಿ. ಬಾಣದ ಗುರುತು ಜಾರಿ ಬೆಳಗಾವಿಯ ಮೇಲೆ ನಿಂತಿತು. ಅಣ್ಣನ ಬೆರಳು ಮೌಸಿನ ಮೇಲೆ, ಕಣ್ಣು ಬಾಗಿಲಲ್ಲಿ ನಿಂತ ಮುಂದಿನ ಗಿರಾಕಿಯ ಮೇಲೆ.

ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಮಾತಾಡಿರಲಿಲ್ಲ ನಾನು. "ಅಣ್ಣಾ, ಒತ್ತಬ್ಯಾಡ್ರಿ! ಮೊದಲ ಒಂದ್ಸಲ ಸ್ಕ್ರೀನ್ ನೋಡ್ರಿ!"

ಮೌಸು ಟಕ್ ಅಂದಿತು. ಅಣ್ಣ ಬಾಗಿಲ ಕಡೆಯೇ ನೋಡುತ್ತ ಅಂದ:

"ಬರ್ರಿ ಬರ್ರಿ, ನಿಮ್ದೇನೈತಿ?"